ಎಂಟು ಸಾವಿರ ಸುತ್ತಿನ ಷಡ್ಡಕ

ಅಕ್ಕನನ್ನು ಅವನು ಕಟ್ಟಿಕೊಂಡ, ತಂಗಿಯನ್ನು ನಾನು ಕಟ್ಟಿಕೊಂಡೆ. ಹಾಗಾಗಿ ನಾವಿಬ್ಬರೂ ಷಡ್ಡಕರು. ಈ ಸಂಬಂಧವನ್ನು ಯಾರೂ ನೋಡಿ ಆರಿಸಿಕೊಳ್ಳುವುದಿಲ್ಲ. ಹೊಸ ಚಪ್ಪಲಿಯ ಜೊತೆ ಹಿಮ್ಮಡಿಯ ಗಾಯ ಬರುವ ಹಾಗೆ ಹೆಂಡತಿಯ ಜೊತೆ ಅದೂ ಬರುತ್ತದೆ. ಸಾಲದ್ದಕ್ಕೆ ನಮ್ಮ ಮಾವ ಸಾಯುವ ಮೊದಲು ತಮ್ಮ ತಗಡಿನ ಶೆಡ್ಡನ್ನು ಇಬ್ಬರು ಅಳಿಯಂದಿರಿಗೂ ಸೇರಿಸಿ ಬಿಟ್ಟುಹೋದರು. ನಡುವೆ ಪ್ಲೈವುಡ್ಡಿನ ಒಂದು ಗೋಡೆ ಎದ್ದಿತು. ಈಚೆ ನನ್ನ ಬೋರಿಂಗ್ ಯಂತ್ರ, ಆಚೆ ಅವನ ಇಂಜಿನ್ ಕಟ್ಟುವ ಮೇಜು. ಮಾವ ಬಹಳ ಒಳ್ಳೆಯವರು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅನುಮಾನವಿದೆ.

ನನ್ನ ಕೆಲಸ ಇಂಜಿನ್ನಿನ ಸಿಲಿಂಡರುಗಳನ್ನು ಕೊರೆದು ಅಗಲ ಮಾಡುವುದು. ಅವನ ಕೆಲಸ ಸಣ್ಣ ಕಾರುಗಳ ಇಂಜಿನ್ನು ಬಿಚ್ಚಿ, ಒಳಗಿನದನ್ನೆಲ್ಲ ತಿದ್ದಿ ತೀಡಿ, ಕಂಪನಿಯವರು ಕನಸಿನಲ್ಲೂ ಎಣಿಸದಷ್ಟು ವೇಗವಾಗಿ ತಿರುಗುವಂತೆ ಮತ್ತೆ ಕಟ್ಟುವುದು. ನಿಮಿಷಕ್ಕೆ ಎಂಟು ಸಾವಿರ ಸುತ್ತು ತಿರುಗದ ಇಂಜಿನ್ನು ಅವನ ಲೆಕ್ಕದಲ್ಲಿ ಇಂಜಿನ್ನೇ ಅಲ್ಲ, ನೀರೆತ್ತುವ ಪಂಪು. ಈ ಮಾತನ್ನು ಕೇಳಿ ಕೇಳಿ ಬೇಸತ್ತ ಗ್ಯಾರೇಜು ಬೀದಿಯವರು ಅವನಿಗೆ ಎಂಟು ಸಾವಿರ ಎಂದೇ ಹೆಸರಿಟ್ಟರು. ಅವನು ಅದನ್ನು ಬಿರುದು ಎಂದುಕೊಂಡ.

ನಮ್ಮ ಜಗಳ ಏನೆಂದು ಹೇಳಿಬಿಡುತ್ತೇನೆ, ಕಷ್ಟದ್ದೇನಲ್ಲ. ಸಣ್ಣ ಕಾರಿಗೆ ಇನ್ನಷ್ಟು ಶಕ್ತಿ ಬೇಕಾದರೆ ದಾರಿ ಎರಡು. ಸಿಲಿಂಡರು ಕೊರೆದು, ಪಿಸ್ಟನ್ನನ್ನು ಮೇಲೆ ಕೆಳಗೆ ಆಡಿಸುವ ಕ್ರ್ಯಾಂಕಿಗೆ ಉದ್ದ ತೋಳಿನದನ್ನು ಹಾಕಿ, ಇಂಜಿನ್ನಿನ ಹೊಟ್ಟೆಯನ್ನೇ ದೊಡ್ಡದು ಮಾಡಬಹುದು. ಆಗ ಅದು ನಿಧಾನವಾಗಿ ತಿಂದರೂ ಒಂದೊಂದು ತುತ್ತೂ ದೊಡ್ಡದು. ಇಲ್ಲವೇ ಹೊಟ್ಟೆ ಇದ್ದಷ್ಟೇ ಇರಲಿ ಎಂದು ಬಿಟ್ಟು, ಪಿಸ್ಟನ್ನು, ರಾಡು, ಕವಾಟ ಎಲ್ಲವನ್ನೂ ಹಗುರ ಮಾಡಿ, ಸಣ್ಣ ತುತ್ತನ್ನೇ ಗಬಗಬ ನುಂಗುವ ಹಾಗೆ ಓಡಿಸಬಹುದು. ನಾನು ದೊಡ್ಡ ತುತ್ತಿನ ಪಕ್ಷ, ಅವನು ಗಬಗಬದ ಪಕ್ಷ. ಕೊರೆಯುವವನ ಕಣ್ಣಿಗೆ ಲೋಕದ ತೂತೆಲ್ಲ ಸಣ್ಣದಾಗಿಯೇ ಕಾಣುತ್ತದೆ ಎಂದು ಅವನು ನನ್ನನ್ನು ಹಂಗಿಸುತ್ತಿದ್ದ. ಅದು ಪೂರ್ತಿ ಸುಳ್ಳೇನಲ್ಲ. ಆದರೆ ಅವನು ಹಿಡಿದ ಮೊಲಕ್ಕೂ ಮೂರೇ ಕಾಲು. ಎರಡು ದಾರಿಯ ನಡುವೆ ನಿಂತ ಗಿರಾಕಿಯನ್ನು ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತಿತ್ತು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಕೆಲವರು ಇಬ್ಬರ ಮಾತನ್ನೂ ಕೇಳಿ ಸುಸ್ತಾಗಿ ಕಾರನ್ನೇ ಮಾರಿಬಿಟ್ಟರು.

ಅವನ ಸ್ವಂತ ಕಾರು ಅವನ ಧರ್ಮಕ್ಕೆ ತಕ್ಕ ಹಾಗಿತ್ತು. ಸಾವಿರ ಸಿಸಿಯ ಪುಟ್ಟ ಇಂಜಿನ್ನು. ಅದರ ನಾಲ್ಕು ಪಿಸ್ಟನ್ನುಗಳನ್ನು ಅವನು ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ತೂಗಿ, ಅರದಿಂದ ಉಜ್ಜಿ, ಮತ್ತೆ ತೂಗಿ, ನಾಲ್ಕನ್ನೂ ಒಂದೇ ತೂಕಕ್ಕೆ ತಂದಿದ್ದ. ಮೂರು ವಾರ ಆ ಮನೆಯ ಹಿಟ್ಟೆಲ್ಲ ಬೂದು ಬಣ್ಣದ್ದು. ಇಷ್ಟೆಲ್ಲ ಆದಮೇಲೆ ಕಾರು ಐದು ಸಾವಿರದಿಂದ ಎಂಟು ಸಾವಿರದವರೆಗೆ ಬಾಣದಂತೆ ಹೋಗುತ್ತಿತ್ತು, ಐದು ಸಾವಿರದ ಕೆಳಗೆ ಹೋಗುತ್ತಲೇ ಇರಲಿಲ್ಲ. ತರಕಾರಿ ತರಲು ಹೊರಟರೂ ಇಡೀ ಬೀದಿ ಕಿವಿ ಮುಚ್ಚಿಕೊಳ್ಳಬೇಕು. ನಮ್ಮ ಅತ್ತೆಯ ಮನೆ ಕಡಿದಾದ ಏರಿನ ತುದಿಯಲ್ಲಿದೆ. ಒಮ್ಮೆ ಅತ್ತೆಯನ್ನೂ ಅವರ ಇಬ್ಬರು ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ಏರಿನ ಬುಡದಲ್ಲಿ ಯಾರಿಗೋ ದಾರಿ ಬಿಡಲು ನಿಂತ. ಮತ್ತೆ ಹೊರಡಲು ಕಾರು ಒಪ್ಪಲಿಲ್ಲ. ಕೊನೆಗೆ ಅತ್ತೆ ಇಳಿದು, ಮಂಡಿ ನೋವನ್ನೂ ಹೊತ್ತುಕೊಂಡು ನಡೆದೇ ಹತ್ತಿ, ಬೀಗ ತೆಗೆದು, ಕಾಫಿಗೆ ಇಟ್ಟರು. ಕಾರು ಬರುವಷ್ಟರಲ್ಲಿ ಕಾಫಿ ಸೋಸಿ ಆಗಿತ್ತು. ಅವನಿಗೆ ನಾಚಿಕೆಯಾಯಿತೇ? ಮೇಲಿನ ಮೂರು ಸಾವಿರ ಸುತ್ತಿನಲ್ಲಿ ಇಂಜಿನ್ನು ಹೇಗೆ ಹಾಡಿತು ಎಂದು ಅತ್ತೆಗೇ ವಿವರಿಸಿದ.

ಆದರೆ ಕೆಲಸಗಾರ ಅವನು. ಅದನ್ನು ಹೇಳದಿದ್ದರೆ ನನ್ನ ನಾಲಿಗೆಗೆ ಪಾಪ ಬರುತ್ತದೆ. ಬೇರೆಯವರು ಮೀಟರಿನ ಮುಳ್ಳು ನೋಡುತ್ತಿದ್ದರು, ಅವನು ಕೇಳುತ್ತಿದ್ದ. ತಲೆ ಕಳಚಿಹೋದ ಸುತ್ತಿಗೆಯ ಹಿಡಿಯೊಂದಿತ್ತು. ಅದರ ಒಂದು ತುದಿಯನ್ನು ಇಂಜಿನ್ನಿನ ಮೇಲೆ, ಇನ್ನೊಂದನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಎಡಗೈಯಿಂದ ಇಂಜಿನ್ನಿನ ವೇಗ ಏರಿಸುತ್ತ ಕಣ್ಣು ಮುಚ್ಚುತ್ತಿದ್ದ. ಬಹಳ ವೇಗದಲ್ಲಿ ಕವಾಟದ ಸ್ಪ್ರಿಂಗು ಸೋಲಲು ತೊಡಗಿದಾಗ ಇಂಜಿನ್ನಿನ ಅಬ್ಬರದ ಮೇಲೆ ಒಂದು ತೆಳ್ಳನೆಯ ಚಿಲಿಪಿಲಿ ಹುಟ್ಟುತ್ತದೆ. ಅದು ಎಚ್ಚರಿಕೆ. ಅಲ್ಲಿಂದ ಇನ್ನೂರು ಮುನ್ನೂರು ಸುತ್ತು ಮೇಲೆ ಹೋದರೆ ಕವಾಟ ಸಮಯಕ್ಕೆ ಮುಚ್ಚದೆ ಪಿಸ್ಟನ್ನಿಗೆ ಬಡಿಯುತ್ತದೆ, ಇಂಜಿನ್ನು ಹೆಣವಾಗುತ್ತದೆ. ಆ ಚಿಲಿಪಿಲಿ ಹುಟ್ಟುವ ಒಂದು ಕೂದಲೆಳೆ ಮೊದಲು ಅವನು "ಬಂತು" ಎಂದು ಕೈ ಬಿಡುತ್ತಿದ್ದ. ಆ ಒಂದು ಮಾತಿಗೆ ದೂರದೂರದಿಂದ ಜನ ಕಾರು ತರುತ್ತಿದ್ದರು. ಅವನ ಅನ್ನ ಇದ್ದದ್ದು ಕಿವಿಯಲ್ಲಿ.

ಹೋದ ವರ್ಷ ಹಲ್ಲಿನ ಡಾಕ್ಟರಮ್ಮ ಬಂದರು. ಐವತ್ತು ದಾಟಿದವರು, ಸೊಂಟಕ್ಕೆ ಕೈಕೊಟ್ಟು ನಿಲ್ಲುವ ಹೆಂಗಸು. ಗುಡ್ಡದ ರಸ್ತೆಯಲ್ಲಿ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಹತ್ತುವ ಪಂದ್ಯವಿದೆಯಲ್ಲ, ಅದರ ಹುಚ್ಚು ಅವರಿಗೆ. ಹಳೆಯ ಸಣ್ಣ ಕಾರೊಂದನ್ನು ಕೊಂಡಿದ್ದರು. ಇಂಜಿನ್ನು ದೊಡ್ಡದು ಮಾಡಿಸಲೋ, ಇದ್ದದ್ದನ್ನೇ ಜೋರಾಗಿ ತಿರುಗಿಸಲೋ ಎಂದು ಕೇಳಿದರು. ನಾನು ಗುಡ್ಡದ ತಿರುವುಗಳಲ್ಲಿ ಕಡಿಮೆ ಸುತ್ತಿನಲ್ಲೂ ಎಳೆಯುವ ಶಕ್ತಿ ಮುಖ್ಯ ಎಂದೆ. ಅವನು, ದೊಡ್ಡದು ಮಾಡಿದರೆ ಕಾರಿನ ಮೂತಿ ಭಾರವಾಗುತ್ತದೆ, ಕಾರು ಕಾರಾಗಿ ಉಳಿಯುವುದಿಲ್ಲ, ಗೂಡ್ಸು ಗಾಡಿಯಾಗುತ್ತದೆ ಎಂದ. ನಾನು ಒಂದು ಅಂದರೆ ಅವನು ಎರಡು. ಡಾಕ್ಟರಮ್ಮ ಕೈಗಡಿಯಾರ ನೋಡಿ, ಬಾಯಿ ತೆರೆದವರ ಮಾತನ್ನು ಇಷ್ಟು ಹೊತ್ತು ಕೇಳಿ ತನಗೆ ಅಭ್ಯಾಸವಿಲ್ಲ ಎಂದು ಹೇಳಿ, ಅವನ ದಾರಿಯನ್ನೇ ಆರಿಸಿದರು. ನನ್ನ ಪಾಲಿಗೆ ಬಂದದ್ದು ಸಿಲಿಂಡರುಗಳ ಒಳಮೈಯನ್ನು ಒಂದೆಳೆ ಸವರಿಕೊಡುವ ಕೆಲಸ ಮಾತ್ರ. ಸವರಿ, ಅಳೆದು, ಕೊಟ್ಟೆ.

ಪರೀಕ್ಷೆಯ ದಿನ ಮಧ್ಯಾಹ್ನ ಶೆಡ್ಡಿನ ಮುಂದಿನ ಅಂಗಳದಲ್ಲಿ ಬಾನೆಟ್ಟು ತೆಗೆದ ಕಾರು. ಡಾಕ್ಟರಮ್ಮ ಒಂದು ಕಡೆ, ನಾನು ಒಂದು ಕಡೆ. ಅವನು ಸುತ್ತಿಗೆ ಹಿಡಿ ಕಿವಿಗೊತ್ತಿ ಕಣ್ಣು ಮುಚ್ಚಿದ. ಆರು ಸಾವಿರ, ಏಳು ಸಾವಿರ. ಏಳೂವರೆಗೆ ನನಗೆ ಚಿಲಿಪಿಲಿ ಕೇಳಿಸಿತು. ನನ್ನದು ಎಮ್ಮೆ ಕಿವಿ ಎಂದು ಅವನೇ ಹೇಳುತ್ತಿದ್ದ. ಅಂಥ ನನಗೆ ಕೇಳಿಸಿತು. ಅವನು "ಇನ್ನೂ ಇದೆ" ಎಂದ. ನಾನು ನಿಲ್ಲಿಸು ಎಂದು ಕೂಗಿದೆ. ಯಾವತ್ತಿನ ಹಾಗೆ ಚೇಷ್ಟೆ ಎಂದುಕೊಂಡಿರಬೇಕು, ನಗುತ್ತ ಇನ್ನೊಂದು ಎಳೆ ಏರಿಸಿದ. ಪಾತ್ರೆ ಅಂಗಡಿಯೊಂದು ಮಹಡಿ ಮೆಟ್ಟಿಲು ಉರುಳಿದ ಹಾಗಾಯಿತು. ಆಮೇಲೆ ಸದ್ದೇ ಇಲ್ಲ. ಕಾರಿನ ಕೆಳಗೆ ಎಣ್ಣೆ ತನ್ನ ಪಾಡಿಗೆ ತಾನು ಹರಿಯಿತು.

ಬಿಚ್ಚಿದಾಗ ಒಂದು ಪಿಸ್ಟನ್ನು ಚೂರು, ಕವಾಟ ಬಾಗಿ ತುಂಡು, ಸಿಲಿಂಡರಿನ ಗೋಡೆಗೆ ಬೆರಳು ತೂರುವಷ್ಟು ಗೀರು. ಅಷ್ಟು ನುಚ್ಚುನೂರಾದ ಮೇಲೆ ಯಾವುದು ಮೊದಲು ಕೆಟ್ಟಿತು ಎಂದು ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದು. ಅವನು ಹೇಳಿದ. ಬೀದಿಯ ನಾಲ್ಕು ಗ್ಯಾರೇಜಿನವರು ಸೇರಿದ್ದಾಗಲೇ ನನ್ನ ಕಡೆ ನೋಡದೆ ಹೇಳಿದ: ಕೊರೆತ ಬಿಗಿಯಾಗಿತ್ತು, ಪಿಸ್ಟನ್ನು ಬಿಸಿಯಾಗಿ ಉಬ್ಬಿ ಸಿಲಿಂಡರಿಗೆ ಕಚ್ಚಿಕೊಂಡಿತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನ ಕೈಯ ಅಳತೆ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ. ನಾನು ಮನೆಯ ಗೋಡೆಗೆ ಕ್ಯಾಲೆಂಡರು ತೂಗುಹಾಕುವಾಗಲೂ ಮಟ್ಟಗೋಲು ಇಟ್ಟು ನೋಡುವವನು. ಅಂದಿನಿಂದ ಮಾತು ಬಿಟ್ಟೆವು. ಪ್ಲೈವುಡ್ ಗೋಡೆಯ ಆಚೆಗೆ ಹೇಳಬೇಕಾದದ್ದನ್ನು ನಾನು ಮನೆಯಲ್ಲಿ ಹೆಂಡತಿಗೆ ಹೇಳುವುದು, ಅವಳು ಫೋನಿನಲ್ಲಿ ಅಕ್ಕನಿಗೆ, ಅಕ್ಕ ರಾತ್ರಿ ಊಟದ ಹೊತ್ತಿಗೆ ಗಂಡನಿಗೆ. ನಾಲ್ಕಡಿ ದೂರದ ಸ್ಪಾನರು ಕೈಗೆ ಬರಲು ಎರಡು ದಿನ ಬೇಕಾಗುತ್ತಿತ್ತು. ಅಷ್ಟರಲ್ಲಿ ನನ್ನ ಕೊರೆತದ ಮೇಲೆ ಬೀದಿಯಲ್ಲಿ ಗುಸುಗುಸು ಎದ್ದಿತು. ಖಾಯಂ ಗಿರಾಕಿಯೊಬ್ಬ ತನ್ನ ಸಿಲಿಂಡರನ್ನು ನನ್ನೆದುರೇ ಎರಡೆರಡು ಸಲ ಅಳೆದುಕೊಂಡು ಹೋದ.

ಎರಡು ವಾರದ ಮೇಲೆ ಡಾಕ್ಟರಮ್ಮ ನನ್ನ ಕಡೆಗೆ ಬಂದು ಬಾಗಿಲು ಮುಂದಕ್ಕೆ ಎಳೆದುಕೊಂಡರು. ಇಂಜಿನ್ನಿನ ಬಗ್ಗೆ ರೇಗಲಿಲ್ಲ. "ಅವತ್ತು ನಿಮ್ಗೆ ಕೇಳ್ಸಿದ ಸದ್ದು ಅವ್ರಿಗೆ ಕೇಳ್ಸ್ಲಿಲ್ಲ," ಎಂದರು. "ನಂಗೂ ಕೇಳ್ಸ್ಲಿಲ್ಲ. ಮೂವತ್ತು ವರ್ಷ ಹಲ್ಲು ಕೊರೆಯೋ ಯಂತ್ರ ಹಿಡ್ದು ನನ್ನ ಕಿವೀಲಿ ಮೇಲಿನ ಸದ್ದು, ಅಂದ್ರೆ ತೆಳ್ಳಗೆ ಕೀರಲಾಗಿ ಬರೋದು, ಪೂರ್ತಿ ಹೋಗಿದೆ. ನೀವು ಕೂಗಿದ್ದು ಯಾಕೆ ಅಂತ ನಂಗೆ ತಿಳೀಲಿಲ್ಲ, ಅವ್ರ ಮುಖ ನೋಡ್ದೆ, ಅವ್ರಿಗೂ ತಿಳೀಲಿಲ್ಲ."

ಅವರು ಹೋದಮೇಲೆ ನಾನು ಸ್ಟೂಲಿನ ಮೇಲೆ ಕೂತೆ. ಒಂದೊಂದಾಗಿ ನೆನಪಾಯಿತು. ಕುಕ್ಕರು ಐದು ಸಲ ಕೂಗಿದರೂ ಅವನು ಏಳದೆ ಪೇಪರು ಓದುತ್ತಿದ್ದದ್ದು. ಹೆಂಡತಿ ಹೇಳಿದ ಸಾಮಾನು ಬಿಟ್ಟು ಬೇರೆ ಏನೋ ತರುತ್ತಿದ್ದದ್ದು. ಅದಕ್ಕೆಲ್ಲ ಅವನಿಗೆ ಅಹಂಕಾರ ಎಂದು ನಾವು ಹೆಸರಿಟ್ಟಿದ್ದೆವು. ಗಂಡಸಿಗೆ ಹೆಂಡತಿಯ ಮಾತು ಕೇಳಿಸದಿರುವುದನ್ನು ಕಾಯಿಲೆ ಎಂದು ಯಾರು ತಾನೇ ಎಣಿಸುತ್ತಾರೆ?

ತಪ್ಪನ್ನು ಯಾಕೆ ನನ್ನ ತಲೆಗೆ ಕಟ್ಟಲು ಹೊರಟ ಎನ್ನುವುದೂ ಈಗ ಗೊತ್ತಾಯಿತು. ಎಂಟು ಸಾವಿರನ ಕಿವಿ ಹೋಗಿದೆ ಎಂದು ಬೀದಿಗೆ ತಿಳಿದರೆ ಅವನ ಮೇಜಿನ ಮೇಲೆ ಇನ್ನೊಂದು ಇಂಜಿನ್ನು ಬಂದು ಕೂರುವುದಿಲ್ಲ. ಗೊತ್ತಾದರೂ ನನ್ನ ಸಿಟ್ಟು ಇಳಿಯಲಿಲ್ಲ, ಇನ್ನೂ ಹೆಚ್ಚಾಯಿತು. ನನ್ನ ಅನ್ನಕ್ಕೆ ಕಲ್ಲು ಹಾಕಿ ತನ್ನದನ್ನು ಉಳಿಸಿಕೊಳ್ಳುವುದೇ? ಭಾನುವಾರ ಅತ್ತೆಯ ಮನೆಯಲ್ಲಿ ಎಲ್ಲರಿಗೂ ಊಟ ಇತ್ತು. ಅಲ್ಲೇ ಎಲ್ಲರೆದುರು ಹೇಳಿಬಿಡುತ್ತೇನೆ ಎಂದು ನಿರ್ಧರಿಸಿ, ದಾರಿಯುದ್ದಕ್ಕೂ ಬೈಗುಳಗಳನ್ನು ಒಂದರ ಹಿಂದೆ ಒಂದು ಜೋಡಿಸಿಕೊಂಡು ಹೋದೆ.

ಊಟಕ್ಕೆ ಕೂತಾಗ ಅತ್ತೆಯೇ ವಿಷಯ ತೆಗೆದರು. ಇಬ್ಬರು ಅಳಿಯಂದಿರೂ ಮೂತಿ ತಿರುಗಿಸಿಕೊಂಡು ಕೂರುವುದಾದರೆ ತಾನು ಒಬ್ಬಳೇ ಊಟ ಮಾಡುವುದೇ ಮೇಲು, ತಪ್ಪು ಯಾರದು ಎಂದು ಇವತ್ತು ಇಲ್ಲೇ ತೀರ್ಮಾನವಾಗಲಿ ಎಂದರು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಅವನ ಹೆಂಡತಿ ಮೆಲ್ಲಗೆ ಏನೋ ಚಟಾಕಿ ಹಾರಿಸಿದಳು. ನಾವೆಲ್ಲ ನಕ್ಕೆವು. ನಾನು ಅವನನ್ನೇ ನೋಡುತ್ತಿದ್ದೆ. ಅವನು ಮೊದಲು ಅತ್ತೆಯ ಮುಖ ನೋಡಿದ, ಆಮೇಲೆ ನನ್ನ ಹೆಂಡತಿಯ ಮುಖ, ಆಮೇಲೆ ನಕ್ಕ. ತನ್ನ ಹೆಂಡತಿಯ ಮಾತಿಗೆ ಎಲ್ಲರಿಗಿಂತ ತಡವಾಗಿ, ಎಲ್ಲರಿಗಿಂತ ಜೋರಾಗಿ ನಕ್ಕ. ಜೋಡಿಸಿಟ್ಟ ಬೈಗುಳ ಒಂದೂ ಬಾಯಿಗೆ ಬರಲಿಲ್ಲ.

"ತಪ್ಪು ನಂದೇ," ಎಂದೆ. "ಕೊರೆತ ಒಂದೆಳೆ ಬಿಗಿಯಾಗಿತ್ತು."

ನನ್ನ ಹೆಂಡತಿ ಸೌಟು ಹಿಡಿದವಳು ಹಾಗೇ ನಿಂತಳು. ಕ್ಯಾಲೆಂಡರಿನ ಮಟ್ಟಗೋಲು ಹಿಡಿದು ಹಿಡಿದು ಸಾಕಾದವಳು ಅವಳೇ ಅಲ್ಲವೇ. ಅತ್ತೆ ತೀರ್ಮಾನವಾಯಿತೆಂದು ಸಮಾಧಾನದಿಂದ ನನಗೆ ಇನ್ನೊಂದು ಸಲ ಬಡಿಸಿದರು. ಅವನು ತಟ್ಟೆ ನೋಡುತ್ತ ಊಟ ಮುಗಿಸಿದ, ಕೈ ತೊಳೆದ, ಹೇಳದೆ ಕೇಳದೆ ಹೊರಟುಹೋದ. ಕೃತಜ್ಞತೆ ಇಲ್ಲದ ಪ್ರಾಣಿ ಎಂದು ದಾರಿಯುದ್ದಕ್ಕೂ ಹೊಸದಾಗಿ ಬೈದುಕೊಂಡು ಮನೆಗೆ ಬಂದೆ.

ಸೋಮವಾರ ಮಧ್ಯಾಹ್ನ ಎದುರು ಶೆಡ್ಡಿನ ಪೇಂಟಿನವನು ಓಡಿ ಬಂದ. ಎಂಟು ಸಾವಿರ ಬೆಳಗ್ಗೆಯಿಂದ ಬೀದಿಯ ಒಂದು ತುದಿಯಿಂದ ಹಿಡಿದು ಪ್ರತಿ ಗ್ಯಾರೇಜಿಗೂ ಹೋಗುತ್ತಿದ್ದಾನಂತೆ. ಒಳಗೆ ಹೋಗಿ, ಕೂರದೆ, ಎರಡೇ ಮಾತು ಹೇಳುತ್ತಾನಂತೆ: ನನ್ನ ಷಡ್ಡಕನ ಕೊರೆತ ಸರಿಯಾಗಿತ್ತು, ಹಾಳಾಗಿರುವುದು ನನ್ನ ಕಿವಿ. ಹಲ್ಲಿನ ಡಾಕ್ಟರಮ್ಮನ ಆಸ್ಪತ್ರೆಗೂ ಹೋಗಿ, ಬಾಯಿ ತೆರೆದುಕೊಂಡು ಕೂತಿದ್ದವರ ಎದುರೇ ಹೇಳಿ ಬಂದನಂತೆ. ಪೇಂಟಿನವನಿಗೆ ನಗು ತಡೆಯಲಾಗುತ್ತಿರಲಿಲ್ಲ. ಅವನು ತಂದು ಕೆಳಗಿಟ್ಟಿದ್ದ ಬಣ್ಣದ ಡಬ್ಬ ಒದ್ದು ಅವನನ್ನು ಕಳಿಸಿದೆ.

ಸಂಜೆ ಐದಕ್ಕೆ ಪ್ಲೈವುಡ್ ಗೋಡೆಯ ಆಚೆ ಸರಪಣಿ ರಾಟೆಯ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಅವನು ಕೈಗಾಡಿ ತಳ್ಳಿಕೊಂಡು ಈಚೆಗೆ ಬಂದ. ಗಾಡಿಯ ಮೇಲೆ ಅವನ ಸ್ವಂತ ಕಾರಿನ ಬ್ಲಾಕು, ಎಂದರೆ ನಾಲ್ಕು ಸಿಲಿಂಡರುಗಳಿರುವ ಇಂಜಿನ್ನಿನ ಒಡಲು, ಬಿಚ್ಚಿ, ತೊಳೆದು, ಒರೆಸಿ.

"ಯಾಕೋ ಹಾಗೆ ಊರೆಲ್ಲ ಹೇಳ್ಕೊಂಡು ಬಂದೆ?" ಎಂದೆ. ನಾನು ಕೂಗಿಯೇ ಹೇಳಿದೆ. ಕಿವಿ ಕೇಳಿಸದವನ ಮುಂದೆ ಸಿಟ್ಟು ಮಾಡುವುದರಲ್ಲಿ ಒಂದು ಅನುಕೂಲವಿದೆ.

"ಇಂಜಿನ್ನು ಹೋದ ಮಾರನೇ ದಿನಾನೇ ಉಳಿದ ಮೂರು ಸಿಲಿಂಡರು ಅಳ್ದಿದ್ದೆ," ಎಂದ. "ನಿನ್ನ ಕೊರೆತ ಗೆರೆ ಎಳ್ದಂಗಿತ್ತು. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ. ಮೇಲಿನ ಸದ್ದು ಹೋಗಿ ಮೂರು ವರ್ಷ ಆಯ್ತು. ಅಂದಾಜಲ್ಲೇ ಬಂತು ಬಂತು ಅಂತಿದ್ದೆ. ನಂದಂತೂ ಹೋಯ್ತು, ನಿನ್ನ ಕೈ ಮೇಲಿನ ನಂಬಿಕೆನಾದ್ರೂ ಉಳೀಲಿ."

ಆಮೇಲೆ ಬ್ಲಾಕನ್ನು ಅಂಗೈಯಿಂದ ತಟ್ಟಿ, ಇದನ್ನು ಕೊರೆದು ದೊಡ್ಡದು ಮಾಡು ಎಂದ. ದೊಡ್ಡ ಇಂಜಿನ್ನು ಕೆಳಗಿನ ಸ್ವರದಲ್ಲಿ ಮಾತಾಡುತ್ತದೆ, ಕೆಟ್ಟರೆ ಗುದ್ದುತ್ತದೆ, ಗುದ್ದು ಇನ್ನೂ ಕೇಳಿಸುತ್ತದೆ. ಇನ್ನು ಮೇಲೆ ಅಂಥವನ್ನೇ ಕಟ್ಟುತ್ತೇನೆ, ಮೊದಲನೆಯದು ನನ್ನದೇ ಆಗಲಿ ಎಂದ.

ಇಪ್ಪತ್ತೆರಡು ವರ್ಷದಿಂದ ನಾನು ಈ ದಿನಕ್ಕೆ ಕಾದಿದ್ದೆ. ಅವನು ಆ ಬ್ಲಾಕು ಹೊತ್ತು ತಂದ ದಿನ ಏನೇನು ಹೇಳಬೇಕೆಂದು ಸ್ನಾನ ಮಾಡುವಾಗೆಲ್ಲ ಅಭ್ಯಾಸ ಮಾಡಿಕೊಂಡಿದ್ದೆ. ಈಗ ಬಾಯಿಂದ ಬಂದದ್ದು ಬೇರೆ. ಬೇಡ ಕಣೋ, ಸಣ್ಣದಾಗಿಯೇ ಇರಲಿ, ಪರೀಕ್ಷೆಗೆ ನಾನು ಬಂದು ನಿಲ್ಲುತ್ತೇನೆ, ಮೇಲಿನ ಸದ್ದು ನಾನು ಕೇಳಿ ಹೇಳುತ್ತೇನೆ ಎಂದೆ. ಎಮ್ಮೆ ಕಿವಿ ನಂಬಿ ಇಂಜಿನ್ನು ಕಟ್ಟುವಷ್ಟು ಗತಿಗೆಟ್ಟಿಲ್ಲ ಎಂದು ಉತ್ತರ ಕೊಟ್ಟ. ಒಮ್ಮೆ ಕೊರೆದ ಲೋಹ ವಾಪಸ್ಸು ಅಂಟುವುದಿಲ್ಲ, ಯೋಚನೆ ಮಾಡು ಎಂದೆ. ಮಾಡಿಯೇ ತಂದಿದ್ದೇನೆ ಎಂದ.

ಬ್ಲಾಕನ್ನು ಯಂತ್ರಕ್ಕೆ ಬಿಗಿದೆವು. ಮೊದಲ ಸಿಲಿಂಡರಿಗೆ ಯಂತ್ರದ ಕೊರೆಯುವ ಕತ್ತಿ ಇಳಿಯಿತು, ಬೂದು ಪುಡಿ ಉದುರಿತು. ಅದು ಮುಗಿಯುವಷ್ಟರಲ್ಲಿ ಅವನು ದೊಡ್ಡ ಇಂಜಿನ್ನಿನ ಬಗ್ಗೆ ನನಗೇ ಪಾಠ ಶುರು ಮಾಡಿದ್ದ. ಕೊರೆತಕ್ಕಿಂತ ಕ್ರ್ಯಾಂಕಿನ ತೋಳಿನ ಉದ್ದ ಮುಖ್ಯವಂತೆ, ಇಷ್ಟು ವರ್ಷ ನನಗದು ಸರಿಯಾಗಿ ತಿಳಿದೇ ಇರಲಿಲ್ಲವಂತೆ. ನನಗೆ ಮೈಯೆಲ್ಲ ಉರಿಯಿತು. ಉರಿದ ಭರದಲ್ಲಿ, ಸಣ್ಣ ಇಂಜಿನ್ನು ಎಂಟು ಸಾವಿರಕ್ಕೆ ಏರಿದಾಗ ಇರುವ ಸೊಗಸು ನಿನ್ನ ಯಾವ ದೊಡ್ಡ ಹೊಟ್ಟೆಗೂ ಬರುವುದಿಲ್ಲ ಎಂದುಬಿಟ್ಟೆ.

ಅವನ ಪಾಠ ನಿಂತಿತು. ಎರಡನೇ ಸಿಲಿಂಡರು ಮುಗಿಯುವವರೆಗೂ ಉದುರಿದ ಪುಡಿ ಗುಡಿಸುತ್ತಿದ್ದ. ಆಮೇಲೆ ನನ್ನ ಕಡೆ ನೋಡದೆ ಕೇಳಿದ.

"ಹೇಗಿರುತ್ತೆ ಅದು, ನಿಂಗೆ ಕೇಳ್ಸೋದು?"

ಇಪ್ಪತ್ತೆರಡು ವರ್ಷ ಬೈದುಕೊಂಡು ಬಂದ ಸದ್ದನ್ನು ಹೊಗಳುವುದು ಹೇಗೆ? ನನಗೆ ಅಷ್ಟು ಮಾತು ಬರುವುದಿಲ್ಲ. ಯಂತ್ರ ನಿಲ್ಲಿಸಿದೆ. ಅವನ ಕಿವಿಯ ಹತ್ತಿರ ಬಾಯಿಟ್ಟು, ಐವತ್ತೊಂದು ವರ್ಷದ, ಸಕ್ಕರೆ ಕಾಯಿಲೆಯ, ಎರಡು ಮಕ್ಕಳ ತಂದೆಯಾದ ನಾನು ಬಾಯಲ್ಲಿ ಇಂಜಿನ್ನಿನ ಸದ್ದು ಮಾಡಿದೆ. ನಾಲ್ಕು ಸಾವಿರದಿಂದ ಎತ್ತಿದೆ. ಐದಕ್ಕೆ ಏರಿಸಿದೆ. ಬಾಗಿಲಲ್ಲಿ ಪೇಂಟಿನವನು ಬಂದು ನಿಂತದ್ದು ಕಂಡಿತು, ನಿಲ್ಲಿಸಲಿಲ್ಲ. ಹಾಗಲ್ಲ, ಇನ್ನೂ ಮೇಲೆ ಎಂದು ಅವನು ಕೈ ಎತ್ತಿದ. ಆರಕ್ಕೆ ಹೋದೆ. ಇನ್ನೂ ಮೇಲೆ ಎಂದ. ಏಳರ ಹತ್ತಿರ ನನ್ನ ಸ್ವರ ಒಡೆದು ಕೆಮ್ಮು ಬಂತು.

ಅವನು ಕಣ್ಣು ಮುಚ್ಚಿಕೊಂಡೇ ನನ್ನ ಭುಜ ಹಿಡಿದ.

"ಸಾಕು ಬಿಡು," ಎಂದ. "ಅಲ್ಲಿಂದ ಮುಂದಿಂದು ನಂಗೆ ಬಾಯಿಪಾಠ."

ಆಮೇಲೆ ಕಣ್ಣು ತೆರೆದು, ಮೂರನೆಯದಕ್ಕೆ ಕತ್ತಿ ಇಳಿಸು ಎಂದ.